ಬಾಯಿ ಬಿಡದ ಪಾತ್ರಗಳು, ಸಿಟ್ಟಾಗುವ ಪ್ರೇಕ್ಷಕರು

ರ್ಯೂಸುಕೆ ಹಮಗುಚಿ ನಿರ್ದೇಶನದ ‘ಡ್ರೈವ್ ಮೈ ಕಾರ್’ (2021) ನೋಡಿದ ನಾಲ್ಕು ಜನ ಒಂದೆಡೆ ಸೇರಿದರೆ ಮಾತು ಎಲ್ಲೆಲ್ಲೋ ಸುತ್ತಿ ಕೊನೆಗೆ ಒಂದು ಬಾಗಿಲ ಹತ್ತಿರ ಬಂದು ನಿಲ್ಲುತ್ತದೆ. ರಂಗನಟ ಕಫುಕು ವ್ಲಾದಿವೊಸ್ತೋಕ್‌ಗೆ ಹೊರಟವನು, ವಿಮಾನ ರದ್ದಾಯಿತೆಂದು ಮನೆಗೆ ಮರಳುತ್ತಾನೆ. ಒಳಗೆ ಹೆಂಡತಿ ಓತೊ ಬೇರೊಬ್ಬನ ತೋಳಿನಲ್ಲಿದ್ದಾಳೆ. ಕನ್ನಡಿಯಲ್ಲಿ ಅದು ಇವನ ಕಣ್ಣಿಗೆ ಬೀಳುತ್ತದೆ. ಕಫುಕು ಕೂಗಾಡುವುದಿಲ್ಲ, ಒಳಗೆ ನುಗ್ಗುವುದಿಲ್ಲ. ಬಂದ ಹೆಜ್ಜೆಯಲ್ಲೇ ಹಿಂದೆ ಸರಿದು, ಸದ್ದಾಗದಂತೆ ಬಾಗಿಲೆಳೆದುಕೊಂಡು ಹೊರಟುಬಿಡುತ್ತಾನೆ. ವಿಮಾನ ನಿಲ್ದಾಣದ ಹತ್ತಿರ ರೂಮು ಹಿಡಿದು, ಅಲ್ಲಿಂದಲೇ ಹೆಂಡತಿಗೆ ವಿಡಿಯೊ ಕಾಲ್ ಮಾಡಿ, ರಷ್ಯಾ ತಲುಪಿದವನಂತೆ ಮಾತಾಡುತ್ತಾನೆ.

‘ಇವನ ಮೈಯಲ್ಲಿ ರಕ್ತ ಹರಿಯುತ್ತಿದೆಯೇ?’ ಎನ್ನುತ್ತಾರೆ ಕೆಲವರು. ‘ನಟನಿಗೆ ಮುಖದಲ್ಲಿ ಒಂದು ಭಾವವೂ ಬರುವುದಿಲ್ಲ’ ಎನ್ನುವವರು ಇನ್ನು ಕೆಲವರು. ಮೊದಲನೆಯದು ಪಾತ್ರದ ಮೇಲಿನ ದೂರು, ಎರಡನೆಯದು ನಟ ಹಿದೆತೋಶಿ ನಿಶಿಜಿಮರ ಮೇಲಿನದು. ಜಪಾನಿ ಕೌಟುಂಬಿಕ ಚಿತ್ರಗಳ ಬಗ್ಗೆ ಎಪ್ಪತ್ತು ವರ್ಷಗಳಿಂದ ಕೇಳಿಬರುತ್ತಿರುವುದು ಹೆಚ್ಚುಕಡಿಮೆ ಈ ಎರಡೇ ದೂರು. ಯಾಕೆ ಬಾಯಿ ಬಿಟ್ಟು ಹೇಳುವುದಿಲ್ಲ? ಅಳಬೇಕಾದಲ್ಲಿ ಯಾಕೆ ನಗುತ್ತಾರೆ? ಕೈ ಹಿಡಿದು ತಡೆಯಬಹುದಾಗಿತ್ತಲ್ಲ, ಯಾಕೆ ತಡೆಯಲಿಲ್ಲ?

ಇದೇ ಚಿತ್ರಗಳನ್ನು ನೋಡಿ ‘ಎಂಥ ಪ್ರಶಾಂತತೆ, ಎಂಥ ಸಂಯಮ’ ಎಂದು ಹೊಗಳುವವರ ದೊಡ್ಡ ಬಳಗವೂ ಇದೆ. ಎರಡು ಬಳಗಗಳಲ್ಲಿ ನನ್ನ ಓಟು ಸಿಟ್ಟಾಗುವವರ ಕಡೆಗೆ. ಜಪಾನಿ ಚಿತ್ರವನ್ನು ಧ್ಯಾನಕ್ಕೆ ಕೂತವರಂತೆ ನೋಡಿ ತಂಪಾಗಿ ಎದ್ದು ಹೋಗುವವರಿಗಿಂತ, ಅರ್ಧದಲ್ಲಿ ಪರದೆಯತ್ತ ‘ಮಾತಾಡು ಮಾರಾಯ!’ ಎಂದು ಗದರುವವರು ಆ ಚಿತ್ರವನ್ನು ಸರಿಯಾಗಿ ನೋಡಿದ್ದಾರೆ. ನಿರ್ದೇಶಕ ತನ್ನ ಪಾತ್ರದ ಬಾಯಿಗೆ ಹಾಕದೆ ಉಳಿಸಿದ ಮಾತು ಅವರ ಬಾಯಿಗೆ ಬಂದಿದೆ.

ಕಫುಕುವಿನ ವಿಷಯದಲ್ಲಂತೂ ಚಿತ್ರವೇ ಸಿಟ್ಟಾದವರ ಪರ ನಿಂತಿದೆ. ಒಂದು ಬೆಳಗ್ಗೆ ಓತೊ, ‘ರಾತ್ರಿ ಸ್ವಲ್ಪ ಮಾತಾಡಬೇಕು’ ಎನ್ನುತ್ತಾಳೆ. ಆ ಮಾತಿಗೆ ಹೆದರಿ ಅವನು ಬೇಕೆಂದೇ ಕಾರು ಓಡಿಸುತ್ತಾ ಹೊತ್ತು ಕಳೆದು ತಡವಾಗಿ ಬರುತ್ತಾನೆ. ಅಷ್ಟರಲ್ಲಿ ಅವಳು ನೆಲಕ್ಕೆ ಬಿದ್ದಿರುತ್ತಾಳೆ, ಮಿದುಳಿನಲ್ಲಿ ರಕ್ತಸ್ರಾವ. ಸುಮಾರು ಮೂರು ಗಂಟೆಯ ಚಿತ್ರದ ಕೊನೆಕೊನೆಗೆ, ಹೊಕ್ಕೈಡೊದ ಹಿಮದಲ್ಲಿ ಕುಸಿದುಬಿದ್ದ ಮನೆಯೊಂದರ ಮುಂದೆ, ಕಫುಕು ತಾನಾಗಿ ಒಪ್ಪಿಕೊಳ್ಳುತ್ತಾನೆ: ನೋವಾದಾಗ ನೋವನ್ನು ಪಡಬೇಕಾಗಿತ್ತು, ಪಡಲಿಲ್ಲ. ಪ್ರೇಕ್ಷಕರು ಮೊದಲರ್ಧ ಗಂಟೆಯಲ್ಲೇ ಹೇಳಿದ್ದನ್ನು ಅವನು ಹೇಳುವುದಕ್ಕೆ ಅಷ್ಟು ಹೊತ್ತು ಬೇಕಾಗುತ್ತದೆ. ನಿಶಿಜಿಮರ ಭಾವವಿಲ್ಲದ ಮುಖ ಆ ತಡಕ್ಕೆ ಅಳತೆ ಮಾಡಿ ಹೊಲಿದದ್ದು. ಮೊದಲೇ ಕಣ್ಣು ತುಂಬಿಕೊಂಡಿದ್ದರೆ ಕೊನೆಯ ತಪ್ಪೊಪ್ಪಿಗೆಗೆ ಏನೂ ಉಳಿಯುತ್ತಿರಲಿಲ್ಲ.

ಈ ಅಭಿನಯದ ಹಿಂದೆ ಒಂದು ಕಟ್ಟುನಿಟ್ಟಾದ ತಾಲೀಮು ಇದೆ. ಹಮಗುಚಿ ತನ್ನ ನಟರನ್ನು ಮೇಜಿನ ಸುತ್ತ ಕೂರಿಸಿ, ಸ್ವಲ್ಪವೂ ಭಾವ ಬೆರೆಸದೆ ಮಾತುಗಳನ್ನು ಮತ್ತೆ ಮತ್ತೆ ಓದಿಸುತ್ತಾರೆ. ಏರಿಳಿತ ಬಂದರೆ ತಡೆಯುತ್ತಾರೆ. ಫ್ರೆಂಚ್ ನಿರ್ದೇಶಕ ಜ್ಯಾಂ ರೆನ್ವಾ ನಟರನ್ನು ತಯಾರು ಮಾಡುವ ಬಗೆಯನ್ನು ಒಂದು ಸಾಕ್ಷ್ಯಚಿತ್ರದಲ್ಲಿ ನೋಡಿ ಅವರು ಈ ಕ್ರಮ ಹಿಡಿದರು. ಮಾತು ನಾಲಗೆಯಲ್ಲಿ ಪೂರ್ತಿ ಕೂತ ಮೇಲೆ, ಚಿತ್ರೀಕರಣದ ದಿನ ಎದುರಿನವರ ಮುಖ ನೋಡುತ್ತಾ ಆಡಿದಾಗ ಭಾವ ತಾನಾಗಿ ಬರಲಿ ಎಂಬುದು ಲೆಕ್ಕ. ಚಿತ್ರದೊಳಗೂ ಇದೇ ತಾಲೀಮು ನಡೆಯುತ್ತದೆ. ಕಫುಕು ಹಿರೋಶಿಮಾದಲ್ಲಿ ಚೆಕಾಫ್‌ನ ‘ಅಂಕಲ್ ವಾನ್ಯಾ’ವನ್ನು ಹಲವು ಭಾಷೆಗಳ ನಟರಿಂದ ಆಡಿಸುತ್ತಾ ಹೀಗೆಯೇ ಓದಿಸುತ್ತಾನೆ, ಅಲ್ಲಿನ ನಟರು ನಮ್ಮ ಹಾಗೆಯೇ ಅಸಹನೆಯಿಂದ ಗೊಣಗುತ್ತಾರೆ.

ಮೌನದ ಅಭಿನಯ ಎಂದರೆ ಯಾಸುಜಿರೊ ಓಜುವಿನ ಹೆಸರು ಬಂದೇ ಬರುತ್ತದೆ. ‘ಲೇಟ್ ಸ್ಪ್ರಿಂಗ್’ (1949) ಚಿತ್ರದಷ್ಟು ನನ್ನನ್ನು ಕಾಡಿದ, ಕೆರಳಿಸಿದ ಇನ್ನೊಂದು ಚಿತ್ರ ಅವರದ್ದರಲ್ಲಿ ಇಲ್ಲ. ಕಾಮಾಕುರದಲ್ಲಿ ವಿಧುರ ಪ್ರೊಫೆಸರ್ ಸೊಮಿಯ, ಅವನ ಇಪ್ಪತ್ತೇಳರ ಮಗಳು ನೊರಿಕೊ. ಅಪ್ಪನ ಜೊತೆ ಇದ್ದುಕೊಂಡು ಅವಳು ಸುಖವಾಗಿದ್ದಾಳೆ. ಸೋದರತ್ತೆಗೆ ಅದು ಸರಿಬರುವುದಿಲ್ಲ, ಮದುವೆ ಆಗಲೇಬೇಕು. ಮಗಳು ಮಣಿಯದಿದ್ದಾಗ ಅಪ್ಪ ಒಂದು ಸುಳ್ಳು ಹೇಳುತ್ತಾನೆ, ತಾನೂ ಮರುಮದುವೆ ಆಗುತ್ತಿದ್ದೇನೆ ಎಂದು. ಅಪ್ಪನ ಗೆಳೆಯನೊಬ್ಬ ಮರುಮದುವೆಯಾದುದನ್ನು ಅಸಹ್ಯ ಎಂದು ನಗುನಗುತ್ತಲೇ ಆಡಿಕೊಂಡಿದ್ದ ಹುಡುಗಿ ಈ ನೊರಿಕೊ. ಅಂಥವಳನ್ನು ಮನೆಯಿಂದ ಎಬ್ಬಿಸಲು ಯಾವ ಮಾತು ನಾಟುತ್ತದೆ ಎಂಬುದು ಅಪ್ಪನಿಗೆ ಚೆನ್ನಾಗಿ ಗೊತ್ತು.

ಇದನ್ನು ತ್ಯಾಗದ ಕಥೆಯಾಗಿ ನೋಡಿ ಅಪ್ಪನಿಗಾಗಿ ಕಣ್ಣೀರಿಟ್ಟವರು ಬಹಳ. ನನಗೆ ಅಪ್ಪನ ಮೇಲೆ ಸಿಟ್ಟು. ಸೆತ್ಸುಕೊ ಹಾರಾ ನೊರಿಕೊಳನ್ನು ಅಭಿನಯಿಸಿದ ರೀತಿ ಆ ಸಿಟ್ಟಿಗೆ ಪೂರಾ ಪುಷ್ಟಿ ಕೊಡುತ್ತದೆ. ಅಪ್ಪ-ಮಗಳು ಜಪಾನಿನ ಸಾಂಪ್ರದಾಯಿಕ ‘ನೋ’ ನಾಟಕ ನೋಡಲು ಕುಳಿತ ದೃಶ್ಯವನ್ನೇ ನೋಡಿ. ಹಲವು ನಿಮಿಷ ಒಂದೇ ಒಂದು ಮಾತಿಲ್ಲ, ಇರುವುದು ರಂಗದ ಮೇಲಿನ ಹಾಡು ಮಾತ್ರ. ಅಪ್ಪ ದೂರದಲ್ಲಿ ಕುಳಿತ, ತನ್ನ ಮರುಮದುವೆಯ ಮಾತಿನಲ್ಲಿ ಹೆಸರು ಕೇಳಿಬಂದ ವಿಧವೆ ಮಿವ ಅವರ ಕಡೆ ತಲೆಬಾಗಿ ನಮಸ್ಕರಿಸುತ್ತಾನೆ. ನೊರಿಕೊಳೂ ನಮಸ್ಕರಿಸುತ್ತಾಳೆ. ಆಮೇಲೆ ಅವಳ ಕಣ್ಣು ಅಪ್ಪನ ಮುಖಕ್ಕೆ, ಅಲ್ಲಿಂದ ಆ ಹೆಂಗಸಿನ ಕಡೆಗೆ, ಮತ್ತೆ ಅಪ್ಪನ ಕಡೆಗೆ ಹರಿಯುತ್ತದೆ. ನಗು ಎಲ್ಲಿ ಆರಿತು ಎಂದು ಬೆರಳಿಟ್ಟು ತೋರಿಸಲಾಗದು. ತಲೆ ಮಾತ್ರ ಮೆಲ್ಲಗೆ ತಗ್ಗುತ್ತಾ ಹೋಗುತ್ತದೆ. ನಾಟಕ ಮುಗಿದು ಹೊರಗೆ ಬಂದ ಮೇಲೆ, ಏನೋ ಕೆಲಸವಿದೆಯೆಂದು ಹೇಳಿ ಅವಳು ರಸ್ತೆಯ ಆಚೆ ಬದಿಗೆ ದಾಪುಗಾಲು ಹಾಕಿ ಹೋಗಿಬಿಡುತ್ತಾಳೆ. ಅಪ್ಪ ಈಚೆ, ಮಗಳು ಆಚೆ. ಇದನ್ನು ಪ್ರಶಾಂತ ಎಂದು ಕರೆಯುವುದು ನನ್ನಿಂದಾಗದು. ಅಲ್ಲಿ ಅವಳು ಹೊತ್ತಿ ಉರಿಯುತ್ತಿದ್ದಾಳೆ.

ಮದುವೆಗೆ ಮೊದಲು ಇಬ್ಬರೂ ಕ್ಯೋಟೊಗೆ ಹೋಗುತ್ತಾರೆ. ವಾಪಸು ಹೊರಡುವ ಮುನ್ನ ಸಾಮಾನು ಕಟ್ಟುವಾಗ ಅವಳು ಕೊನೆಯ ಸಲ ಕೇಳಿಕೊಳ್ಳುತ್ತಾಳೆ: ಹೀಗೆಯೇ ಇರುತ್ತೇನೆ, ನೀವು ಮರುಮದುವೆಯಾದರೂ ಸರಿ, ನಿಮ್ಮ ಜೊತೆ ಇರುತ್ತೇನೆ. ಚಿತ್ರದಲ್ಲಿ ಅವಳು ಮನಸ್ಸು ಬಿಚ್ಚಿ ಆಡುವ ಮಾತು ಇದು. ಅಪ್ಪ ಉತ್ತರವಾಗಿ ದಾಂಪತ್ಯದ ಮೇಲೆ ಉದ್ದದ ಬುದ್ಧಿಮಾತು ಹೇಳುತ್ತಾನೆ. ಅವಳು ಕ್ಷಮೆ ಕೇಳಿ, ನಕ್ಕು, ಒಪ್ಪುತ್ತಾಳೆ. ವರನ ಮುಖವನ್ನು ಓಜು ನಮಗೆ ಒಮ್ಮೆಯೂ ತೋರಿಸುವುದಿಲ್ಲ. ಆ ನಿರ್ಧಾರದಿಂದಲೇ ನಿರ್ದೇಶಕ ಯಾರ ಕಡೆಗಿದ್ದಾರೆ ಎಂಬುದು ನನಗೆ ಗೊತ್ತಾಗುತ್ತದೆ. ಕ್ಯೋಟೊದ ಛತ್ರದಲ್ಲಿ, ನೊರಿಕೊಳ ನಗುಮುಖಕ್ಕೂ ಕಣ್ಣು ತುಂಬಿದ ಮುಖಕ್ಕೂ ನಡುವೆ ಬರುವ ಹೂದಾನಿಯ ಚಿತ್ರಿಕೆಯ ಬಗ್ಗೆ ವಿದ್ವಾಂಸರು ಪುಟಗಟ್ಟಲೆ ಬರೆದಿದ್ದಾರೆ. ಅವರ ಜಗಳಕ್ಕೆ ನಾನು ಇಳಿಯುವುದಿಲ್ಲ. ಆ ಮುಖ ಎರಡು ಸಲ ಬೇರೆಯಾಗುತ್ತದಲ್ಲ, ನನಗೆ ಅಷ್ಟು ಸಾಕು.

ಅಪ್ಪನಾಗಿ ನಟಿಸಿದ ಚಿಶು ರ್ಯೂಗೆ ಆಗ ವಯಸ್ಸು 45, ಪಾತ್ರದ ವಯಸ್ಸು 56. ಓಜು ನಟರಿಗೆ ಕೈ ಎತ್ತುವುದು, ತಲೆ ತಿರುಗಿಸುವುದು ಎಲ್ಲವನ್ನೂ ಹೇಳಿಕೊಟ್ಟು, ಮನಸ್ಸಿಗೆ ಒಪ್ಪುವವರೆಗೆ ಮತ್ತೆ ಮತ್ತೆ ಮಾಡಿಸುತ್ತಿದ್ದವರು. ರ್ಯೂ ಎಂದೂ ಓಜುವಿನ ಮಾತಿಗೆ ಎದುರಾಡಿದವರಲ್ಲ. ಆದರೆ ಕೊನೆಯ ದೃಶ್ಯದಲ್ಲಿ, ಮಗಳನ್ನು ಕಳಿಸಿಕೊಟ್ಟು ಬಂದ ಅಪ್ಪ ಒಬ್ಬನೇ ಕುಳಿತು ಸೇಬಿನ ಸಿಪ್ಪೆ ಹೆರೆಯುವಾಗ, ಬಿಕ್ಕಿ ಅಳಬೇಕೆಂದು ಓಜು ಹೇಳಿದರು. ರ್ಯೂ ತನ್ನಿಂದ ಆಗದು ಎಂದರು. ಕೊನೆಗೆ ಸಿಪ್ಪೆ ಜಾರಿ ಬೀಳುತ್ತದೆ, ಅಪ್ಪನ ತಲೆ ತಗ್ಗುತ್ತದೆ, ಅಷ್ಟೆ. ಓಜು ಎಂದರೆ ಸಂಯಮ ಎಂದು ಪಾಠ ಒಪ್ಪಿಸುವವರು ಈ ಸಂಗತಿಯನ್ನು ಮರೆಯಬಾರದು. ಅಲ್ಲಿ ಅಳು ಬೇಕೆಂದದ್ದು ನಿರ್ದೇಶಕ, ಬೇಡವೆಂದದ್ದು ನಟ.

ಜಪಾನಿನಲ್ಲೇ ಈ ಶೈಲಿಯನ್ನು ಸಹಿಸದವರಿದ್ದರು. ಓಜುವಿನ ‘ಟೋಕಿಯೊ ಸ್ಟೋರಿ’ಯಲ್ಲಿ (1953) ಸಹಾಯಕರಾಗಿ ದುಡಿದ ಶೊಹೆಯ್ ಇಮಾಮುರ, ಓಜು ನಟರನ್ನು ಅಚ್ಚಿನಲ್ಲಿ ಹಾಕಿದಂತೆ ಕುಣಿಸುತ್ತಾರೆ ಎಂದು ಬೇಸತ್ತು ಬೇರೆ ದಾರಿ ಹಿಡಿದರು. ಬೆವರು, ಕೂಗು, ಹಸಿವು ತುಂಬಿದ ಚಿತ್ರಗಳನ್ನು ಮಾಡಿ, ಕಾನ್‌ ಚಿತ್ರೋತ್ಸವದಲ್ಲಿ ಎರಡು ಸಲ ಅತ್ಯುಚ್ಚ ಪ್ರಶಸ್ತಿ ಪಡೆದರು. ಗುರುವಿನ ಮೇಲಿನ ಸಿಟ್ಟು ಒಬ್ಬ ದೊಡ್ಡ ನಿರ್ದೇಶಕನನ್ನು ಕೊಟ್ಟಿತು.

‘ಟೋಕಿಯೊ ಸ್ಟೋರಿ’ಯಲ್ಲಿ ಪ್ರೇಕ್ಷಕರ ಸಿಟ್ಟೆಲ್ಲ ಹಿರಿಮಗಳು ಶಿಗೆ ಮೇಲೆ. ಮನೆಯಲ್ಲೇ ಬ್ಯೂಟಿ ಪಾರ್ಲರ್ ನಡೆಸುವವಳು. ಒನೊಮಿಚಿಯಿಂದ ಮಕ್ಕಳನ್ನು ನೋಡಲು ಬಂದ ಮುದಿ ತಂದೆತಾಯಿಗೆ ಗಂಡ ಕೇಕು ತಂದರೆ, ಇಷ್ಟು ದುಬಾರಿಯದು ಯಾಕೆ ಎಂದು ಗೊಣಗುತ್ತಾ ತಾನೇ ತಿನ್ನುತ್ತಾಳೆ. ಪಾರ್ಲರಿಗೆ ಬಂದವರು ಇವರ‍್ಯಾರು ಎಂದರೆ, ಊರ ಕಡೆಯ ಪರಿಚಯದವರು ಎನ್ನುತ್ತಾಳೆ. ತಾಯಿ ಸತ್ತಾಗ ಗೋಳೋ ಎಂದು ಅತ್ತು, ಆಮೇಲೆ ಊಟಕ್ಕೆ ಕೂತಾಗ ಅಮ್ಮನ ಯಾವ ಕಿಮೊನೊ ತನಗೆ ಬೇಕು ಎಂದು ಹೇಳುತ್ತಾಳೆ. ಬುಂಗಾಕುಜಾ ರಂಗತಂಡದ ದೊಡ್ಡ ನಟಿ ಹರುಕೊ ಸುಗಿಮುರ ಈ ಪಾತ್ರ ಮಾಡಿದ್ದಾರೆ. ಅಪ್ಪನ ಪಾತ್ರದ ರ್ಯೂಗಿಂತ ಅವರು ಕೆಲವೇ ವರ್ಷ ಚಿಕ್ಕವರು. ಸುಗಿಮುರ ಶಿಗೆಯನ್ನು ಕೆಟ್ಟವಳನ್ನಾಗಿ ಆಡುವುದಿಲ್ಲ. ಅವಳ ಅಳು ಹುಸಿಯಲ್ಲ, ಕಿಮೊನೊದ ಆಸೆಯೂ ಹುಸಿಯಲ್ಲ. ಎರಡರ ನಡುವೆ ಅವರು ಉಸಿರು ತೆಗೆದುಕೊಳ್ಳುವಷ್ಟೂ ಬಿಡುವು ಕೊಡುವುದಿಲ್ಲ, ನಮ್ಮ ಹೊಟ್ಟೆ ಉರಿಯುವುದು ಅದಕ್ಕೇ. ಸತ್ತ ಮಗನ ಹೆಂಡತಿ ನೊರಿಕೊ (ಮತ್ತೆ ಹಾರಾ) ಮಾತ್ರ ಅತ್ತೆಮಾವನನ್ನು ಅಕ್ಕರೆಯಿಂದ ನೋಡಿಕೊಳ್ಳುತ್ತಾಳೆ. ಪ್ರೇಕ್ಷಕರು ಅವಳನ್ನು ದೇವತೆ ಮಾಡಿ ಕೂರಿಸುವ ಹೊತ್ತಿಗೆ ಅವಳೇ ಆ ಪೀಠದಿಂದ ಇಳಿದು, ತಾನು ಅಷ್ಟು ಒಳ್ಳೆಯವಳಲ್ಲ, ಗಂಡನ ನೆನಪೇ ಬಾರದ ದಿನಗಳಿವೆ ಎಂದು ಮಾವನ ಮುಂದೆ ಮುಖ ಮುಚ್ಚಿಕೊಂಡು ಅಳುತ್ತಾಳೆ. 2012ರಲ್ಲಿ ಬ್ರಿಟನ್ನಿನ ‘ಸೈಟ್ ಅಂಡ್ ಸೌಂಡ್’ ಪತ್ರಿಕೆ ಜಗತ್ತಿನ ನಿರ್ದೇಶಕರ ಅಭಿಪ್ರಾಯ ಕೇಳಿದಾಗ ಈ ಚಿತ್ರಕ್ಕೆ ಮೊದಲ ಸ್ಥಾನ ಸಿಕ್ಕಿತು.

ಹಾರಾ ಅವರ ಮೇಲೆ ಅಭಿಮಾನಿಗಳು ನಿಜಕ್ಕೂ ಮುನಿಸಿಕೊಂಡದ್ದು ಪರದೆಯ ಹೊರಗಿನ ಒಂದು ನಿರ್ಧಾರಕ್ಕೆ. ಓಜು ತೀರಿಕೊಂಡ 1963ರ ಸುಮಾರಿಗೆ ಅವರು ಚಿತ್ರರಂಗ ಬಿಟ್ಟರು. ನಟನೆ ತನಗೆ ಇಷ್ಟದ ಕೆಲಸವಾಗಿರಲಿಲ್ಲ, ಮನೆಯವರ ಹೊಟ್ಟೆಪಾಡಿಗಾಗಿ ಮಾಡಿದೆ ಎಂದರೆಂದು ವರದಿಯಾಯಿತು. ಆಮೇಲೆ 2015ರಲ್ಲಿ ಸಾಯುವವರೆಗೂ ಕಾಮಾಕುರದಲ್ಲಿ ಯಾರಿಗೂ ಸಂದರ್ಶನ ಕೊಡದೆ ಬದುಕಿದರು. ನಗುತ್ತಾ ಎಲ್ಲವನ್ನೂ ಒಪ್ಪುವ ನೊರಿಕೊಳನ್ನು ಮೆಚ್ಚಿದ ಜನಕ್ಕೆ, ಒಪ್ಪದೆ ಎದ್ದು ಹೋದ ಹಾರಾ ಅರ್ಥವಾಗಲಿಲ್ಲ. ನನಗೆ ಆ ನಿರ್ಧಾರದ ಮೇಲೆ ಅಪಾರ ಗೌರವ.

ಇಲ್ಲಿಯವರೆಗೆ ಹೇಳಿದ್ದರಿಂದ ಜಪಾನಿ ಅಭಿನಯವೆಂದರೆ ಮೌನ ಎಂದು ಯಾರೂ ತಿಳಿಯಬಾರದು. ಅಕಿರ ಕುರೊಸಾವರ ‘ರಶೋಮನ್’ (1950) ನೋಡಿದವರ ದೂರು ಪೂರಾ ಉಲ್ಟಾ. ಡಕಾಯಿತ ತಜೊಮಾರು ಆಗಿ ತೊಶಿರೊ ಮಿಫುನೆ ಅಬ್ಬರಿಸುತ್ತಾರೆ, ಮೈ ಪರಚಿಕೊಳ್ಳುತ್ತಾರೆ, ಗಹಗಹಿಸುತ್ತಾರೆ. ‘ಓವರ್ ಆ್ಯಕ್ಟಿಂಗ್’ ಎಂದು ಮೂಗು ಮುರಿಯುವವರು ಇಂದಿಗೂ ಇದ್ದಾರೆ. ಕುರೊಸಾವ ಕಾಡುಪ್ರಾಣಿಗಳ ಚಿತ್ರವೊಂದನ್ನು ನಟರಿಗೆ ತೋರಿಸಿ, ಅದರಲ್ಲಿನ ಸಿಂಹದಂತೆ ಇರು ಎಂದು ಮಿಫುನೆಗೆ ಹೇಳಿದ್ದರು. ಆದರೆ ಅಬ್ಬರಕ್ಕೆ ಅದಕ್ಕಿಂತ ದೊಡ್ಡ ಕಾರಣ ಕಥೆಯ ಕಟ್ಟಿನಲ್ಲೇ ಇದೆ. ನಾವು ನೋಡುತ್ತಿರುವುದು ತಜೊಮಾರು ತನ್ನ ಬಗ್ಗೆ ತಾನೇ ನ್ಯಾಯಾಲಯದಲ್ಲಿ ಕೊಚ್ಚಿಕೊಂಡ ಕಥೆ. ಕೊಚ್ಚಿಕೊಳ್ಳುವವನು ತನ್ನನ್ನು ಹೀಗೆಯೇ ಕಾಣುತ್ತಾನೆ. ಕೊನೆಗೆ ಕಟ್ಟಿಗೆ ಕಡಿಯುವವನು ಹೇಳುವ ಕಥೆಯಲ್ಲಿ ಡಕಾಯಿತನಿಗೂ ಸಮುರಾಯ್‌ಗೂ ನಡೆದ ಅದೇ ಕತ್ತಿವರಸೆಯನ್ನು ನೋಡಿ: ವೀರರಿಬ್ಬರೂ ಗಡಗಡ ನಡುಗುತ್ತಾರೆ, ಮುಗ್ಗರಿಸುತ್ತಾರೆ, ಕತ್ತಿ ಹಿಡಿದ ಕೈಗೆ ಧೈರ್ಯವೇ ಇಲ್ಲ. ಸಮುರಾಯ್‌ನ ಹೆಂಡತಿಯಾಗಿ ಮಾಚಿಕೊ ಕ್ಯೊ ಒಂದೊಂದು ಹೇಳಿಕೆಯಲ್ಲಿ ಒಂದೊಂದು ಹೆಂಗಸು. ನಾಲ್ಕು ಹೇಳಿಕೆ, ಒಂದೇ ಘಟನೆ. ನಟರಿಗೆ ನಾಲ್ಕು ಪಾತ್ರದಷ್ಟು ಕೆಲಸ. ಒಂದೇ ಘಟನೆಯನ್ನು ಬೇರೆಬೇರೆಯವರ ಕಣ್ಣಿನಿಂದ ಹೇಳುವ ಈ ಕಟ್ಟು ಕನ್ನಡದಲ್ಲಿ ರಕ್ಷಿತ್ ಶೆಟ್ಟಿಯವರ ‘ಉಳಿದವರು ಕಂಡಂತೆ’ (2014) ಚಿತ್ರದಲ್ಲಿ ಕರಾವಳಿಯ ಮಾತಿನ ಸೊಗಡಿನೊಂದಿಗೆ ಬಂತು. ಮತ್ತೆ ಮೌನದ ಅಭಿನಯಕ್ಕೆ ಬಂದರೆ, ಕನ್ನಡದಲ್ಲಿ ಓಜುವನ್ನು ಮೆಚ್ಚುವ ಗಿರೀಶ ಕಾಸರವಳ್ಳಿಯವರನ್ನು ನೆನೆಯದಿರಲಾಗದು. ಅವರ ಹೆಂಗಸರು ಮಾತಾಡದೆ ಮಾಡುವ ನಿರ್ಧಾರಗಳ ಬಗ್ಗೆ ನಮ್ಮಲ್ಲಿಯೂ ಇಂಥದೇ ವಾದಗಳು ನಡೆದಿವೆ.

ಹಿರೊಕಾಜು ಕೊರೀಡ ಅವರ ‘ಸ್ಟಿಲ್ ವಾಕಿಂಗ್’ (2008) ಬಂದಾಗ ಬಹಳ ಜನ ಇದು ಓಜುವಿನ ದಾರಿಯ ತಣ್ಣನೆಯ ಚಿತ್ರ ಎಂದರು. ನನ್ನ ಪ್ರಕಾರ ಅದರಲ್ಲಿ ಒಂದು ತಣ್ಣನೆಯ ಕ್ರೌರ್ಯವಿದೆ, ಆ ಕ್ರೌರ್ಯ ಒಬ್ಬ ತಾಯಿಯದು. ಹಿರಿಮಗ ಜುಂಪೆಯ್ ಕಡಲಲ್ಲಿ ಮುಳುಗುತ್ತಿದ್ದ ಹುಡುಗನನ್ನು ಉಳಿಸಲು ಹೋಗಿ ತಾನು ಸತ್ತಿದ್ದಾನೆ. ಪ್ರತಿವರ್ಷ ಅವನ ಪುಣ್ಯತಿಥಿಗೆ, ಬದುಕುಳಿದ ಆ ಹುಡುಗನನ್ನು ತಾಯಿ ತೊಶಿಕೊ ಮನೆಗೆ ಕರೆಯುತ್ತಾಳೆ. ಈಗ ಅವನು ಮೈ ಬಂದ ಯುವಕ. ಬೆವರು ಒರೆಸಿಕೊಳ್ಳುತ್ತಾ, ಕ್ಷಮೆ ಕೇಳುತ್ತಾ, ಮುದುಡಿ ಕೂರುತ್ತಾನೆ. ತೊಶಿಕೊ ಬಾಯ್ತುಂಬ ಉಪಚರಿಸಿ, ಮುಂದಿನ ವರ್ಷವೂ ಬಾ ಎಂದು ಕಳಿಸುತ್ತಾಳೆ. ರಾತ್ರಿ ಕಿರಿಮಗ ರ್ಯೊತ, ಪಾಪ, ಅವನನ್ನು ಇನ್ನು ಕರೆಯುವುದು ಬೇಡ ಅಮ್ಮ ಎನ್ನುತ್ತಾನೆ. ತಾಯಿಯಾಗಿ ನಟಿಸಿದ ಕಿರಿನ್ ಕಿಕಿ ಕೈಯಲ್ಲಿ ಕ್ರೋಶಾ ಹೆಣಿಗೆ ಇದೆ. ಕರೆಯುವುದೇ ಅದಕ್ಕೆ ಎನ್ನುತ್ತಾಳೆ ತೊಶಿಕೊ. ವರ್ಷಕ್ಕೆ ಒಂದು ದಿನವಾದರೂ ಅವನು ಸಂಕಟಪಡಲಿ, ದ್ವೇಷಿಸಲು ಯಾರೂ ಇಲ್ಲದಿದ್ದರೆ ತನಗೆ ಇನ್ನೂ ಕಷ್ಟ. ದನಿ ಏರುವುದಿಲ್ಲ, ಕಡ್ಡಿ ನಿಲ್ಲುವುದಿಲ್ಲ, ಬೆರಳುಗಳು ದಾರವನ್ನು ಎಳೆದು ಕುಣಿಕೆ ಹಾಕುತ್ತಲೇ ಇರುತ್ತವೆ.

ಈ ದೃಶ್ಯದ ಬಗ್ಗೆ ತಾಯಂದಿರೂ ಮಕ್ಕಳೂ ಬೇರೆಬೇರೆಯಾಗಿ ಮಾತಾಡುವುದನ್ನು ಕೇಳಿದ್ದೇನೆ. ಅವಳು ರಾಕ್ಷಸಿ ಎನ್ನುವವರು ಸಾಮಾನ್ಯವಾಗಿ ಮಕ್ಕಳು. ತಾಯಂದಿರು ಸುಮ್ಮನಾಗುತ್ತಾರೆ, ಆಮೇಲೆ ‘ಅವಳು ಹೇಳಿದ್ದರಲ್ಲಿ ತಪ್ಪೇನಿದೆ’ ಎನ್ನುತ್ತಾರೆ. ಕಿಕಿ ಕಣ್ಣೀರಿಟ್ಟು ಆ ಮಾತು ಆಡಿದ್ದರೆ ಈ ಭಿನ್ನಾಭಿಪ್ರಾಯಕ್ಕೆ ಜಾಗವಿರುತ್ತಿರಲಿಲ್ಲ, ಎಲ್ಲರೂ ಕ್ಷಮಿಸಿಬಿಡುತ್ತಿದ್ದರು. ಕೊರೀಡ ತಮ್ಮ ತಾಯಿ ತೀರಿಕೊಂಡ ಮೇಲೆ ಮಾಡಿದ ಚಿತ್ರವಿದು. ಅಮ್ಮನನ್ನು ನೆನೆಯುವ ಚಿತ್ರದಲ್ಲಿ ಅಮ್ಮನ ಈ ಮುಖವನ್ನೂ ಇಟ್ಟರಲ್ಲ, ಆ ಪ್ರಾಮಾಣಿಕತೆಗೆ ನಾನು ಮಣಿಯುತ್ತೇನೆ.

ನನಗೆ ಇಂದಿಗೂ ತಾಳ್ಮೆ ಕೆಡಿಸುವ ಪಾತ್ರವೊಂದಿದೆ, ಮಿಕಿಯೊ ನರುಸೆಯ ‘ಫ್ಲೋಟಿಂಗ್ ಕ್ಲೌಡ್ಸ್’ನ (1955) ಯುಕಿಕೊ. ಯುದ್ಧಕಾಲದಲ್ಲಿ ಫ್ರೆಂಚ್ ಇಂಡೋಚೈನಾದಲ್ಲಿ ಪ್ರೀತಿಸಿದ ತೊಮಿಒಕನನ್ನು ಸೋತ ಜಪಾನಿಗೆ ಮರಳಿದ ಮೇಲೂ ಬಿಡಲಾರಳು. ಅವನು ಹೆಂಡತಿಯನ್ನು ಬಿಡುವುದಿಲ್ಲ, ಇನ್ನೊಬ್ಬಳ ಹಿಂದೆ ಹೋಗುತ್ತಾನೆ, ಇವಳಿಂದ ದೂರ ಸರಿಯುತ್ತಲೇ ಇರುತ್ತಾನೆ. ಇವಳು ದೂರದ ಯಾಕುಶಿಮ ದ್ವೀಪದವರೆಗೆ ಅವನ ಜೊತೆ ಹೋಗಿ ಅಲ್ಲಿ ಸಾಯುತ್ತಾಳೆ. ಆ ಕಾಲದಿಂದ ಇಂದಿನವರೆಗೆ ಪ್ರೇಕ್ಷಕಿಯರು ಕೇಳುವುದು ಒಂದೇ: ಇವಳು ಯಾಕೆ ಬಿಟ್ಟು ಹೋಗಲಿಲ್ಲ? ಹಿದೆಕೊ ತಕಮಿನೆ ಇವಳನ್ನು ಬಡಪಾಯಿಯಾಗಿ ಆಡಿಲ್ಲ. ನಾಲಗೆ ಹರಿತ, ಕಣ್ಣಲ್ಲಿ ತಿರಸ್ಕಾರ. ಅವನು ಎಂಥವನು ಎಂದು ಅವನ ಮುಖಕ್ಕೆ ಹೊಡೆದಂತೆ ಹೇಳುತ್ತಾಳೆ, ಹೇಳಿ ಅವನ ಪಕ್ಕದಲ್ಲೇ ನಡೆಯುತ್ತಾಳೆ. ಇಲ್ಲಿ ಬಾಯಿ ಬಿಟ್ಟು ಮಾತಾಡುವವಳಿಗೂ ಬಿಡುಗಡೆಯಿಲ್ಲ. ಸತ್ತ ಅವಳ ತುಟಿಗೆ ತೊಮಿಒಕ ಬಣ್ಣ ಹಚ್ಚಿ ಅಳುತ್ತಾನೆ. ಅವನ ಅಳುವಿಗೆ ನಾನು ಕರಗುವುದಿಲ್ಲ, ಅವಳ ನಿರ್ಧಾರವನ್ನು ಒಪ್ಪುವುದೂ ಇಲ್ಲ. ಆದರೂ ತಕಮಿನೆಯ ಮುಖ ನೋಡಿದ ಮೇಲೆ, ಆ ಹೆಂಗಸು ಬೇರೆ ರೀತಿ ನಡೆದುಕೊಳ್ಳಬಹುದಿತ್ತು ಎಂದು ನಂಬುವುದಕ್ಕೂ ನನ್ನಿಂದಾಗಿಲ್ಲ.

ಕೊರೀಡ ಅವರ ‘ಶಾಪ್‌ಲಿಫ್ಟರ್ಸ್’ (2018) ಕಾನ್‌ನ ಅತ್ಯುಚ್ಚ ಪ್ರಶಸ್ತಿ ಪಾಮ್ ದೋರ್ ಪಡೆದಾಗ, ಕಳ್ಳತನವನ್ನು ವೈಭವೀಕರಿಸಿದ್ದಾರೆ, ದೇಶದ ಮಾನ ಕಳೆದಿದ್ದಾರೆ ಎಂದು ಜಪಾನಿನಲ್ಲೇ ಹರಿಹಾಯ್ದವರಿದ್ದರು. ರಕ್ತಸಂಬಂಧವಿಲ್ಲದ ಕೆಲವರು ಒಂದು ಹಳೆಯ ಪುಟ್ಟ ಮನೆಯಲ್ಲಿ ಕುಟುಂಬದಂತೆ ಬದುಕುವ ಕಥೆ. ಪೊಲೀಸ್ ವಿಚಾರಣೆಯಲ್ಲಿ ನೊಬುಯೊಳನ್ನು ಕೇಳುತ್ತಾರೆ, ಮಕ್ಕಳು ನಿನ್ನನ್ನು ಏನೆಂದು ಕರೆಯುತ್ತಿದ್ದರು? ನೊಬುಯೊ ಪಾತ್ರದ ಸಕುರ ಆಂಡೊಗೆ ಈ ಪ್ರಶ್ನೆ ಬರುತ್ತದೆಂದು ಮೊದಲೇ ತಿಳಿದಿರಲಿಲ್ಲ. ಕೊರೀಡ ಪ್ರಶ್ನೆಗಳನ್ನು ಬೋರ್ಡಿನ ಮೇಲೆ ಬರೆದು ವಿಚಾರಣಾಧಿಕಾರಿಯ ಪಾತ್ರಧಾರಿಗೆ ಮಾತ್ರ ತೋರಿಸುತ್ತಿದ್ದರು. ಆಂಡೊ ಕ್ಯಾಮೆರಾದ ಎದುರೇ ಕುಳಿತು ಅಂಗೈಯಿಂದ ಕಣ್ಣು ಒರೆಸುತ್ತಾರೆ, ಕೂದಲು ಹಿಂದಕ್ಕೆ ತಳ್ಳುತ್ತಾರೆ, ಮತ್ತೆ ಒರೆಸುತ್ತಾರೆ. ಹಾರಾ ನಗುವಿನಲ್ಲಿ ಮುಚ್ಚಿಟ್ಟದ್ದನ್ನು ಇಲ್ಲಿ ಆಂಡೊ ಮುಚ್ಚಿಡಲು ಹೋಗಿ ಸೋಲುತ್ತಾರೆ. ಆ ವರ್ಷ ಕಾನ್‌ನ ತೀರ್ಪುಗಾರರ ಅಧ್ಯಕ್ಷೆಯಾಗಿದ್ದ ನಟಿ ಕೇಟ್ ಬ್ಲ್ಯಾಂಚೆಟ್ ಈ ಅಳುವನ್ನು ಹೆಸರಿಸಿ ಹೊಗಳಿದರು.

ಆದರೆ ಜನ ಹೆಚ್ಚು ಜಗಳಾಡುವುದು ನೊಬುಯೊಳ ಸಂಗಾತಿ ಒಸಾಮು ಬಗ್ಗೆ. ಹುಡುಗ ಶೊತ ಕದಿಯುವಾಗ ಸಿಕ್ಕಿಬಿದ್ದು ಆಸ್ಪತ್ರೆ ಸೇರಿದ ರಾತ್ರಿ, ಒಸಾಮು ಅವನನ್ನು ಬಿಟ್ಟು ಉಳಿದವರೊಡನೆ ಊರು ಬಿಡಲು ನೋಡುತ್ತಾನೆ. ಅಪ್ಪಾ ಎಂದು ಕರೆಸಿಕೊಳ್ಳಲು ಅಷ್ಟು ಹಂಬಲಿಸಿದವನು! ಅಲ್ಲಿಯವರೆಗೆ ಅವನನ್ನು ಮುದ್ದಿಸಿದ ಪ್ರೇಕ್ಷಕರು ಅಲ್ಲಿಂದ ಮುಂದೆ ಅವನನ್ನು ಕ್ಷಮಿಸುವುದಿಲ್ಲ. ಒಸಾಮು ಪಾತ್ರದ ಲಿಲಿ ಫ್ರ್ಯಾಂಕಿ ಕ್ಷಮೆ ಬೇಡುವ ಮುಖವನ್ನೂ ಮಾಡುವುದಿಲ್ಲ. ಮುಂದೊಂದು ರಾತ್ರಿ ಶೊತ ಕೇಳುತ್ತಾನೆ, ನನ್ನನ್ನು ಬಿಟ್ಟು ಹೋಗಲು ನೋಡಿದಿರಾ ಎಂದು. ಹೌದು ಎನ್ನುತ್ತಾನೆ ಒಸಾಮು, ಇನ್ನು ಮುಂದೆ ತಾನು ಅಪ್ಪನಲ್ಲ, ಬರೀ ಮಾವ ಎನ್ನುತ್ತಾನೆ. ಅವನು ಓಡಿಹೋಗಲು ಹೊರಟದ್ದನ್ನು ನಾನೂ ಕ್ಷಮಿಸಿಲ್ಲ. ಆದರೆ ಈ ಲೇಖನದಲ್ಲಿ ಹೆಸರಿಸಿದ ಅಪ್ಪಂದಿರಲ್ಲಿ ಮಗುವಿನ ಮುಖಕ್ಕೆ ಸುಳ್ಳಾಡದೆ ಉತ್ತರ ಕೊಟ್ಟವನು ಅವನೊಬ್ಬನೇ, ಕಾಮಾಕುರದ ಆ ಮರ್ಯಾದಸ್ಥ ಪ್ರೊಫೆಸರನಿಗೆ ಅದು ಸಾಧ್ಯವಾಗಲಿಲ್ಲ.